ಕಿವಿ ಮರೆಯುವ ಕೋಣೆ

ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಮನೆಯಲ್ಲಿ ಯಾರಾದರೂ ನಿಮ್ಮಿಂದ ಎರಡು ಮಾರು ದೂರದಲ್ಲಿ ಮಾತಾಡುತ್ತಿರುವಾಗ ಒಂದು ಕಿವಿಯನ್ನು ಬೆರಳಿನಿಂದ ಗಟ್ಟಿಯಾಗಿ ಮುಚ್ಚಿಕೊಳ್ಳಿ. ದನಿ ತುಸು ತಗ್ಗುತ್ತದೆ, ಅದು ಗೊತ್ತಿದ್ದದ್ದೇ. ಜೊತೆಗೇ, ಅಷ್ಟು ಹೊತ್ತೂ ಇಲ್ಲದ ಒಂದು ಟೊಳ್ಳು ಆ ಮಾತಿಗೆ ಅಂಟಿಕೊಳ್ಳುತ್ತದೆ. ಕೋಣೆ ಖಾಲಿಯಿದ್ದಷ್ಟೂ ಅದು ಜೋರು. ಬೆರಳು ತೆಗೆದರೆ ಮಾಯ. ಗೋಡೆ, ಸೂರು, ನೆಲಕ್ಕೆ ಬಡಿದು ಪುಟಿದ ಸದ್ದು ಮೊದಲಿನಿಂದಲೂ ಅಲ್ಲೇ ಇತ್ತು. ಎರಡು ಕಿವಿ ತಂದ ಸುದ್ದಿಯನ್ನು ತಾಳೆ ನೋಡಿ, ನೇರವಾಗಿ ಬಂದದ್ದು ಯಾವುದು, ಸುತ್ತಿ ಬಳಸಿ ಬಂದದ್ದು ಯಾವುದು ಎಂದು ಬೇರ್ಪಡಿಸಿ, ಎರಡನೆಯದನ್ನು ಮಿದುಳು ಹಿಂದಕ್ಕೆ ತಳ್ಳುತ್ತಿತ್ತು. ಒಂದು ಕಿವಿ ಮುಚ್ಚಿದ ಮೇಲೆ ತಾಳೆ ನೋಡಲು ಏನೂ ಉಳಿಯಲಿಲ್ಲ.

ಮನೆಯಲ್ಲಿ ಮೊದಲ ಸಲ ಗಿಟಾರು ನುಡಿಸಿ, ಹಾಡಿ, ರೆಕಾರ್ಡ್ ಮಾಡಿಕೊಂಡವರು ‘ಇದೇನು, ಬಾವಿಯೊಳಗಿಂದ ಹಾಡಿದ ಹಾಗಿದೆಯಲ್ಲ’ ಎಂದು ಗೊಣಗುವುದು ಇದೇ ಕಾರಣಕ್ಕೆ. ಒಂದು ಮೈಕು ಎಂದರೆ ಒಂದು ಕಿವಿ, ಅದರ ಹಿಂದೆ ಮಿದುಳಿಲ್ಲ. ಬಂದದ್ದನ್ನೆಲ್ಲ ಬರೆದುಕೊಳ್ಳುವುದಷ್ಟೇ ಅದರ ಕೆಲಸ. ಹೀಗಾದಾಗ ಜನ ಮೈಕನ್ನು ದೂರುತ್ತಾರೆ, ಹತ್ತಿಪ್ಪತ್ತು ಸಾವಿರ ಸುರಿದು ಇನ್ನೂ ದೊಡ್ಡ ಮೈಕು ತರುತ್ತಾರೆ. ಒಳ್ಳೆಯ ಮೈಕು ಬಾವಿಯನ್ನು ಇನ್ನಷ್ಟು ಸ್ಪಷ್ಟವಾಗಿ ಹಿಡಿದುಕೊಡುತ್ತದೆ.

ಮಿದುಳಿನ ಈ ಚಾಕಚಕ್ಯತೆಯನ್ನು ಅಳೆದವರಲ್ಲಿ ಹೆಲ್ಮುಟ್ ಹಾಸ್ ಹೆಸರು ಮೊದಲು ಬರುತ್ತದೆ. ಜರ್ಮನಿಯ ಗಾಟಿಂಗೆನ್‌ನಲ್ಲಿ 1949ರಲ್ಲಿ ಅವರು ಸಲ್ಲಿಸಿದ ಡಾಕ್ಟರೇಟ್ ಪ್ರಬಂಧದ ವಿಷಯವೇ ಇದು. ಒಂದೇ ಮಾತನ್ನು ಎರಡು ಸ್ಪೀಕರುಗಳಿಂದ ಹೊರಡಿಸಿ, ಎರಡನೆಯದನ್ನು ಒಂದು ಸೆಕೆಂಡಿನ ಸಾವಿರದಲ್ಲಿ ಐದೋ ಹತ್ತೋ ಇಪ್ಪತ್ತೋ ಭಾಗದಷ್ಟು ತಡ ಮಾಡಿದರೆ ಕೇಳುಗರಿಗೆ ಎರಡು ಮಾತು ಕೇಳುವುದಿಲ್ಲ. ಮೊದಲು ಬಂದ ದಿಕ್ಕಿನಿಂದ ಒಂದೇ ಮಾತು ಬಂದಂತೆ ಅನ್ನಿಸುತ್ತದೆ, ತಡವಾಗಿ ಬಂದದ್ದರ ಜೋರು ಸ್ವಲ್ಪ ಹೆಚ್ಚಿದ್ದರೂ ಅಷ್ಟೇ. ಸುಮಾರು 30 ಮಿಲಿಸೆಕೆಂಡು ದಾಟಿದ ಮೇಲೆ ಹೊಂದಿಕೆ ಸಡಿಲವಾಗುತ್ತಾ ಹೋಗುತ್ತದೆ. ಈ ಸಂಖ್ಯೆ ನೆನಪಿರಲಿ, ಮಿಕ್ಸಿಂಗ್ ಹೊತ್ತಿಗೆ ಬೇಕಾಗುತ್ತದೆ. ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರು ಹೋಗುತ್ತದೆ ಎಂಬ ಲೆಕ್ಕವೂ ಜೊತೆಗಿರಲಿ.

ಮನೆಯ ರೆಕಾರ್ಡಿಂಗು, ಮಿಕ್ಸಿಂಗು ಎರಡರಲ್ಲೂ ಬಹುಪಾಲು ಇಷ್ಟೇ: ಮಿದುಳು ನಮ್ಮನ್ನು ಕೇಳದೆಯೇ ಮಾಡಿಕೊಡುತ್ತಿದ್ದ ಚಾಕರಿಯನ್ನು ಕೈಯಾರೆ ಮಾಡುವುದು. ಮೊದಲ ಚಾಕರಿ, ಕೋಣೆಯನ್ನು ಮರೆಸುವುದು.

1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ ಹೊಸದಾಗಿ ಕಟ್ಟಿದ ಫಾಗ್ ಕಲಾ ಸಂಗ್ರಹಾಲಯದಲ್ಲಿ ಒಂದು ಉಪನ್ಯಾಸದ ಹಾಲ್ ಇತ್ತು. ಅಲ್ಲಿ ಯಾರು ನಿಂತು ಮಾತಾಡಿದರೂ ಕೂತವರಿಗೆ ಅರ್ಥವಾಗುತ್ತಿರಲಿಲ್ಲ. ಆಡಿದ ಮಾತು ಐದೂವರೆ ಸೆಕೆಂಡು ಅಲ್ಲೇ ಸುಳಿದಾಡುತ್ತಿತ್ತು, ಅಷ್ಟರಲ್ಲಿ ಮುಂದಿನ ಹತ್ತು ಹನ್ನೆರಡು ಪದಗಳು ಬಂದು ಅದರ ಮೇಲೆ ಬೀಳುತ್ತಿದ್ದವು. ಸರಿಪಡಿಸುವ ಹೊಣೆ ವ್ಯಾಲೇಸ್ ಸೇಬಿನ್ ಎಂಬ ಕಿರಿಯ ಭೌತವಿಜ್ಞಾನಿಯ ಹೆಗಲಿಗೆ ಬಿತ್ತು. ಆತನ ಬಳಿ ಇದ್ದ ಉಪಕರಣಗಳು ಒಂದು ಆರ್ಗನ್ ಕೊಳವೆ, ಒಂದು ಗಡಿಯಾರ, ಎರಡು ಕಿವಿ. ಊರು ಮಲಗಿದ ಮೇಲೆ ಕೆಲಸ ಶುರು. ಪಕ್ಕದ ಸ್ಯಾಂಡರ್ಸ್ ಥಿಯೇಟರಿನ ಕುರ್ಚಿಗಳ ಮೇಲಿದ್ದ ದಿಂಬುಗಳನ್ನು ಸಹಾಯಕರೊಂದಿಗೆ ಹೊತ್ತು ತರುವುದು, ಹಾಲಿನಲ್ಲಿ ಹರಡುವುದು, ಕೊಳವೆ ಊದಿಸಿ ನಿಲ್ಲಿಸುವುದು, ಸದ್ದು ಪೂರ್ತಿ ಸಾಯುವವರೆಗೆ ಎಣಿಸುವುದು, ಇನ್ನಷ್ಟು ದಿಂಬು ಹಾಕಿ ಮತ್ತೆ ಎಣಿಸುವುದು. ಬೆಳಗಾಗುವುದರೊಳಗೆ ದಿಂಬುಗಳೆಲ್ಲ ವಾಪಸು ಥಿಯೇಟರಿಗೆ. ಹೀಗೆ ಹಲವು ರಾತ್ರಿ ಕಳೆದ ಮೇಲೆ ದಿಂಬಿನ ಲೆಕ್ಕಕ್ಕೂ ಮಾರ್ದನಿಯ ಅವಧಿಗೂ ಇರುವ ನಂಟು ಸಿಕ್ಕಿತು. ಒಬ್ಬ ಮನುಷ್ಯ ಸುಮ್ಮನೆ ಕೂತಿದ್ದರೆ ಆರು ದಿಂಬಿನಷ್ಟು ಸದ್ದು ಹೀರುತ್ತಾನೆ ಎಂಬುದೂ ತಿಳಿಯಿತು. ನಮ್ಮ ಮದುವೆ ಛತ್ರ ಜನ ತುಂಬಿದ ಮೇಲೆ ಬೇರೆಯೇ ಥರ ಕೇಳುವುದು ಅದಕ್ಕೇ.

ಸೇಬಿನ್ ಸೂತ್ರ ಇಂದಿಗೂ ನಡೆಯುತ್ತಿದೆ. ಕೋಣೆಯ ಗಾತ್ರವನ್ನು ಘನ ಮೀಟರಿನಲ್ಲಿ ತೆಗೆದುಕೊಂಡು 0.161ರಿಂದ ಗುಣಿಸಿ, ಕೋಣೆಯ ಒಟ್ಟು ಹೀರುವಿಕೆಯಿಂದ (ಒಳಮೈಯ ಚದರ ಮೀಟರನ್ನು ಅದು ಹೀರುವ ಪಾಲಿನಿಂದ ಗುಣಿಸಿದರೆ ಬರುವುದು) ಭಾಗಿಸಿದರೆ ಸದ್ದು ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ಇಳಿಯಲು ಬೇಕಾದ ಸೆಕೆಂಡುಗಳು ಬರುತ್ತವೆ. ನಮ್ಮಲ್ಲಿ ಬಾಡಿಗೆ ಮನೆ ಹುಡುಕಿದವರಿಗೆಲ್ಲ ಪರಿಚಿತವಾದ ಹತ್ತಡಿ-ಹತ್ತಡಿ ಕೋಣೆಯನ್ನೇ ತೆಗೆದುಕೊಳ್ಳೋಣ, ಸೂರೂ ಹತ್ತಡಿ ಎತ್ತರ. ಗಾತ್ರ ಸುಮಾರು 28 ಘನ ಮೀಟರು, ಒಳಮೈ 56 ಚದರ ಮೀಟರು. ಗಾರೆ ಗೋಡೆ, ಕಾಂಕ್ರೀಟ್ ಸೂರು, ವಿಟ್ರಿಫೈಡ್ ಟೈಲ್ಸ್ ನೆಲ ಇವು ತಮಗೆ ಬಡಿದ ಸದ್ದಿನಲ್ಲಿ ನೂರಕ್ಕೆ ಎರಡು ಮೂರು ಪಾಲನ್ನಷ್ಟೇ ಹೀರುತ್ತವೆ. ಮೂರು ಎಂದಿಟ್ಟುಕೊಂಡರೂ ಮಾರ್ದನಿ 2.7 ಸೆಕೆಂಡು. ಬಾಗಿಲು ಕಿಟಕಿಗಳು ಒಂದಿಷ್ಟು ಕಡಿಮೆ ಮಾಡುತ್ತವೆ ಅನ್ನಿ. ಅದೇ ಕೋಣೆಗೆ ಹತ್ತಿ ಹಾಸಿಗೆ, ರಜಾಯಿ, ಬಾಗಿಲು ತೆರೆದಿಟ್ಟ ಬಟ್ಟೆ ಬೀರು ಎಲ್ಲ ಸೇರಿಸಿ 10 ಚದರ ಮೀಟರಿನಷ್ಟು ಹೀರುವಿಕೆ ಕೂಡಿಸಿದರೆ ಅವಧಿ 0.4 ಸೆಕೆಂಡಿಗೆ ಇಳಿಯುತ್ತದೆ.

ಇದಕ್ಕಿಂತ ಉಪಯುಕ್ತವಾದ ಇನ್ನೊಂದು ಸಂಖ್ಯೆಯೂ ಇದೇ ಲೆಕ್ಕದಿಂದ ಹೊರಡುತ್ತದೆ. ಬಾಯಿಯಿಂದ ಮೈಕು ದೂರವಾದಂತೆಲ್ಲ ನೇರ ದನಿ ಕುಗ್ಗುತ್ತದೆ, ದೂರ ಎರಡರಷ್ಟಾದರೆ 6 ಡೆಸಿಬೆಲ್. ಕೋಣೆಯ ಮಾರ್ದನಿ ಮಾತ್ರ ಎಲ್ಲ ಕಡೆಯೂ ಹೆಚ್ಚು ಕಡಿಮೆ ಒಂದೇ. ಇವೆರಡೂ ಸಮಸಮವಾಗುವ ಒಂದು ದೂರವಿರುತ್ತದೆ. ಅದರಾಚೆಗೆ ಮೈಕಿಗೆ ನಿಮಗಿಂತ ನಿಮ್ಮ ಕೋಣೆಯೇ ಹೆಚ್ಚು ಕೇಳಿಸುತ್ತದೆ. ಎಲ್ಲ ದಿಕ್ಕಿನಿಂದಲೂ ಕೇಳುವ ಮೈಕಾದರೆ ಆ ಖಾಲಿ ಕೋಣೆಯಲ್ಲಿ ಈ ಗಡಿ ಸುಮಾರು 18 ಸೆಂಟಿಮೀಟರು, ಅಂದರೆ ಒಂದು ಗೇಣಿಗಿಂತ ತುಸು ಕಡಿಮೆ. ಹಾಸಿಗೆ-ರಜಾಯಿ ಕೋಣೆಯಲ್ಲಿ ಹತ್ತಿರ ಹತ್ತಿರ ಅರ್ಧ ಮೀಟರು. ಮುಂದಕ್ಕಷ್ಟೇ ಕಿವಿಗೊಡುವ ಕಾರ್ಡಿಯಾಯ್ಡ್ ಮೈಕು ಬಳಸಿದರೆ ಎರಡನ್ನೂ 1.7ರಿಂದ ಗುಣಿಸಿಕೊಳ್ಳಿ. ಇಷ್ಟು ಚಿಕ್ಕ ಕೋಣೆಗೆ ಇದು ಸ್ಥೂಲ ಲೆಕ್ಕವೇ ಸರಿ, ಆದರೆ ಹಾಸಿಗೆ ತಂದಿಟ್ಟರೆ ಏನು ಲಾಭ ಎಂದು ಕೇಳುವವರಿಗೆ ಕೊಡಲು ಇದಕ್ಕಿಂತ ನೇರವಾದ ಉತ್ತರ ನನಗೆ ಗೊತ್ತಿಲ್ಲ: ಗಿಟಾರಿನಿಂದ ಒಂದು ಮೊಳ ದೂರದಲ್ಲಿ ಮೈಕು ಇಡುವ ಸ್ವಾತಂತ್ರ್ಯ ಸಿಗುತ್ತದೆ.

ಹಾಸಿಗೆಯನ್ನು ಎಲ್ಲಿ ನಿಲ್ಲಿಸಬೇಕು? ಬಹಳ ಮಂದಿ ಮೈಕಿನ ಹಿಂದೆ ನಿಲ್ಲಿಸುತ್ತಾರೆ. ಕಾರ್ಡಿಯಾಯ್ಡ್ ಮೈಕು ಹಿಂಬದಿಗೆ ಕಿವುಡು, ಅದು ನೋಡುತ್ತಿರುವುದು ಹಾಡುವವರನ್ನೂ ಅವರ ಬೆನ್ನ ಹಿಂದಿನ ಗೋಡೆಯನ್ನೂ. ಆದ್ದರಿಂದ ಹಾಸಿಗೆಗೆ ಮೊದಲ ಜಾಗ ಹಾಡುವವರ ಬೆನ್ನ ಹಿಂದೆ. ಮೊಟ್ಟೆಯ ಟ್ರೇಗಳನ್ನು ಗೋಡೆಗೆ ಅಂಟಿಸುವ ಅಭ್ಯಾಸ ಇನ್ನೂ ಸತ್ತಿಲ್ಲ. ಆ ತೆಳು ರಟ್ಟು ಹೀರುವುದು ಅತ್ಯಲ್ಪ, ಹೆಚ್ಚೆಂದರೆ ಜಿರಳೆಗೆ ವಸತಿಯಾಗುತ್ತದೆ.

ಹಾಸಿಗೆಗೂ ಬಗ್ಗದ ಒಂದು ತೊಂದರೆ ಇದೆ. ಗಿಟಾರಿನ ದಪ್ಪ ತಂತಿಯ ಕಂಪನ ಸೆಕೆಂಡಿಗೆ 82, ಅದರ ತರಂಗಾಂತರ ನಾಲ್ಕು ಮೀಟರಿಗೂ ಹೆಚ್ಚು. ನಾಲ್ಕಿಂಚಿನ ಹತ್ತಿ ಅದರ ದಾರಿಗೆ ಅಡ್ಡಿಯೇ ಅಲ್ಲ. ಇಂಥ ಉದ್ದ ಅಲೆಗಳು ಎದುರುಬದುರು ಗೋಡೆಗಳ ನಡುವೆ ಸಿಕ್ಕಿಕೊಂಡು ನಿಂತಲ್ಲೇ ನಿಲ್ಲುತ್ತವೆ. ಹತ್ತಡಿಯ ಕೋಣೆಯಲ್ಲಿ ಹೀಗೆ ನಿಲ್ಲುವ ಮೊದಲ ಅಲೆ 56 ಹರ್ಟ್ಜ್, ಎರಡನೆಯದು 112. ಗಿಟಾರಿನ ಐದನೇ ತಂತಿ 110! ಉದ್ದ, ಅಗಲ, ಎತ್ತರ ಮೂರೂ ಹತ್ತಡಿಯಾದರೆ ಮೂರು ದಿಕ್ಕಿನ ಅಲೆಗಳೂ ಅದೇ ಸಂಖ್ಯೆಗೆ ಬಂದು ಕೂಡುತ್ತವೆ. ಹಾಗಾಗಿ ಸರಿಘನಾಕಾರದ ಕೋಣೆ ಸಂಗೀತಕ್ಕೆ ಕೆಟ್ಟದ್ದು, ನಮ್ಮ ಮೇಸ್ತ್ರಿಗಳಿಗೆ ಮಾತ್ರ ಅದೇ ಇಷ್ಟ. ಪರೀಕ್ಷಿಸಬೇಕೆಂದರೆ ಒಂದು ಸ್ಪೀಕರಿನಿಂದ 112 ಹರ್ಟ್ಜ್‌ನ ಸ್ವರ ಬಿಟ್ಟು ಕೋಣೆಯಲ್ಲಿ ನಿಧಾನ ನಡೆದಾಡಿ. ನಟ್ಟ ನಡುವೆ ಸ್ವರ ಉಬ್ಬುತ್ತದೆ, ಗೋಡೆಯಿಂದ ಎರಡೂವರೆ ಅಡಿ ದೂರದಲ್ಲಿ ಬತ್ತುತ್ತದೆ, ಗೋಡೆಗೆ ಒರಗಿದರೆ ಮತ್ತೆ ಉಬ್ಬುತ್ತದೆ. ಹಾಡುವವರು ಸಹಜವಾಗಿ ಕುರ್ಚಿ ಹಾಕಿಕೊಳ್ಳುವುದು ನಟ್ಟ ನಡುವೆ. ಅಲ್ಲಿಂದ ಒಂದಡಿ ಅತ್ತ, ಒಂದಡಿ ಇತ್ತ ಓರೆಯಾಗಿ ಸರಿದು ಕೂತರೆ ಯಾವ ಸಾಫ್ಟ್‌ವೇರೂ ಕೊಡದ ಪರಿಹಾರ ಪುಕ್ಕಟೆ ಸಿಗುತ್ತದೆ.

ಅಮೆರಿಕದವರ ವಿಡಿಯೊ ನೋಡಿ ಕೋಣೆ ಸಿದ್ಧಮಾಡುವವರು ಒಂದು ಮಾತು ಗಮನಿಸಬೇಕು. ಅಲ್ಲಿನ ಮನೆಗಳ ಒಳಗೋಡೆ ಸಾಮಾನ್ಯವಾಗಿ ಮರದ ಚೌಕಟ್ಟಿಗೆ ಬಡಿದ ಜಿಪ್ಸಂ ಹಲಗೆ. ದಪ್ಪ ಸ್ವರ ಬಡಿದಾಗ ಆ ಹಲಗೆ ತಾನೂ ಅಲುಗಿ ಒಂದಷ್ಟು ಶಕ್ತಿ ನುಂಗುತ್ತದೆ. ನೆಲಕ್ಕೆ ಎಷ್ಟೋ ಕಡೆ ಕಾರ್ಪೆಟ್. ನಮ್ಮ ಒಂಬತ್ತಿಂಚಿನ ಇಟ್ಟಿಗೆ ಗೋಡೆ ಅಲುಗುವುದಿಲ್ಲ. ಅವರಿಗೆ ಎರಡು ತುಂಡು ಫೋಮಿನಿಂದ ಆದದ್ದು ನಮಗೆ ಆಗದಿರಲು ಅದೂ ಒಂದು ಕಾರಣ.

ಮನೆಯಲ್ಲಿ ಗಿಟಾರು-ಗಾಯನ ರೆಕಾರ್ಡ್ ಮಾಡುವುದರ ಬಗ್ಗೆ ಮಾತೆತ್ತಿದರೆ ಎಲ್ಲರೂ ನೆನೆಯುವ ಕೋಣೆಯೂ ಅಂಥದ್ದೇ. ನ್ಯೂಜೆರ್ಸಿಯ ಕೋಲ್ಟ್ಸ್ ನೆಕ್ ಎಂಬಲ್ಲಿ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಬಾಡಿಗೆಗಿದ್ದ ಮನೆಯ ಒಂದು ಮಲಗುವ ಕೋಣೆ, ನೆಲಕ್ಕೆ ಕಿತ್ತಳೆ ಬಣ್ಣದ ಉದ್ದ ಎಳೆಯ ಕಾರ್ಪೆಟ್. 1982ರ ಜನವರಿ. ಹೊಸ ಹಾಡುಗಳನ್ನು ಸ್ಟುಡಿಯೊಗೆ ಹೋಗಿ ತಿದ್ದುತ್ತಾ ಕೂರುವ ಬದಲು ಮನೆಯಲ್ಲೇ ಒರಟಾಗಿ ಮುದ್ರಿಸಿಕೊಂಡು ಆಮೇಲೆ ಬ್ಯಾಂಡಿಗೆ ಕೊಡೋಣ ಎಂಬುದು ಯೋಜನೆ. ಅವರ ಗಿಟಾರು ನೋಡಿಕೊಳ್ಳುತ್ತಿದ್ದ ಮೈಕ್ ಬ್ಯಾಟ್ಲನ್ ಟಿಯಾಕ್ ಕಂಪನಿಯ ಪೋರ್ಟಾಸ್ಟುಡಿಯೊ 144 ತಂದುಕೊಟ್ಟರು. ಸಾಮಾನ್ಯ ಕ್ಯಾಸೆಟ್ಟಿನ ಮೇಲೆ ನಾಲ್ಕು ಟ್ರ್ಯಾಕ್ ಬರೆಯುವ ಪೆಟ್ಟಿಗೆ ಅದು, 1979ರಲ್ಲಿ ಮಾರುಕಟ್ಟೆಗೆ ಬಂದಿತ್ತು. ಜೊತೆಗೆ ಎರಡು ಶೂರ್ ಎಸ್‌ಎಂ57 ಮೈಕು. ಎರಡು ಟ್ರ್ಯಾಕಿನಲ್ಲಿ ಹಾಡು ಮತ್ತು ಗಿಟಾರು, ಉಳಿದೆರಡರಲ್ಲಿ ಇನ್ನೊಂದು ದನಿಯೋ ಇನ್ನೊಂದು ವಾದ್ಯವೋ. ಆಮೇಲೆ ಎಕೊಪ್ಲೆಕ್ಸ್ ಎಂಬ ಟೇಪ್ ಪ್ರತಿಧ್ವನಿ ಯಂತ್ರದ ಮೂಲಕ ಹಾಯಿಸಿ ಮನೆಯಲ್ಲಿದ್ದ ಪ್ಯಾನಸಾನಿಕ್ ಟೇಪ್‌ರೆಕಾರ್ಡರಿಗೆ ಇಳಿಸಿದರು. ಆ ಕ್ಯಾಸೆಟ್ಟು ಡಬ್ಬಿಯೂ ಇಲ್ಲದೆ ಜೇಬಿನಲ್ಲಿ ಓಡಾಡಿತು. ನ್ಯೂಯಾರ್ಕಿನ ಸ್ಟುಡಿಯೊದಲ್ಲಿ ಬ್ಯಾಂಡಿನೊಂದಿಗೆ ಅವೇ ಹಾಡುಗಳನ್ನು ಮತ್ತೆ ಮುದ್ರಿಸಿ ನೋಡಿದರೆ ಕ್ಯಾಸೆಟ್ಟಿನಲ್ಲಿದ್ದ ಏನೋ ಒಂದು ಅಲ್ಲಿ ಬರಲೇ ಇಲ್ಲ. ಕೊನೆಗೆ ಕ್ಯಾಸೆಟ್ಟನ್ನೇ ಆಲ್ಬಮ್ ಮಾಡುವುದೆಂದಾಯಿತು. ಅದನ್ನು ಎಲ್‌ಪಿ ತಟ್ಟೆಗೆ ಇಳಿಸಲು ತಂತ್ರಜ್ಞರು ಪಟ್ಟ ಪಾಡೇ ಬೇರೆ ಕಥೆ. ‘ನೆಬ್ರಾಸ್ಕ’ ಎಂಬ ಹೆಸರಿನಲ್ಲಿ ಅದು ಬಿಡುಗಡೆಯಾದದ್ದು 1982ರ ಸೆಪ್ಟೆಂಬರ್ 30ರಂದು. ಮಾರನೇ ದಿನ, ಅಕ್ಟೋಬರ್ 1ಕ್ಕೆ, ಜಪಾನಿನಲ್ಲಿ ಸೋನಿಯ ಮೊದಲ ಸಿಡಿ ಪ್ಲೇಯರು ಮಾರಾಟಕ್ಕೆ ಬಂತು.

ಈ ಕಥೆಯನ್ನು ‘ಉಪಕರಣ ಮುಖ್ಯವಲ್ಲ, ಭಾವನೆ ಮುಖ್ಯ’ ಎಂದು ಹೇಳಲು ಬಳಸುವುದುಂಟು. ನನಗದು ಅರೆಬರೆ ಅನ್ನಿಸುತ್ತದೆ. ಕಾರ್ಪೆಟ್ ಹಾಸಿದ ಚಿಕ್ಕ ಕೋಣೆ, ಬಾಯಿಗೆ ಹತ್ತಿರದ ಮೈಕು, ಹಾಡುವವರೇ ನುಡಿಸಿದ್ದು, ಹೊರಗಿನಿಂದ ಹಾಕಿದ ಪ್ರತಿಧ್ವನಿ: ಭೌತವಿಜ್ಞಾನ ಕೇಳುವ ನಾಲ್ಕೂ ಅಲ್ಲಿ ಇದ್ದವು, ಬೇಕೆಂದು ಮಾಡಿದ್ದೋ ತಾನಾಗಿ ಒದಗಿದ್ದೋ.

ಇನ್ನು ಗಿಟಾರಿಗೆ ಬರೋಣ. ತಂತಿ ತಾನಾಗಿ ಮಾಡುವ ಸದ್ದು ಅತ್ಯಲ್ಪ. ಅಷ್ಟು ತೆಳುವಾದ ತಂತಿ ಗಾಳಿಯನ್ನು ಎಷ್ಟು ತಳ್ಳೀತು? ಅದು ಬ್ರಿಜ್ ಮೂಲಕ ಮೇಲ್ಹಲಗೆಯನ್ನು ಅಲುಗಿಸುತ್ತದೆ, ಹಲಗೆ ಗಾಳಿಯನ್ನು ತಳ್ಳುತ್ತದೆ, ಜೊತೆಗೆ ಹೊಟ್ಟೆಯೊಳಗಿನ ಗಾಳಿ ನಡುವಿನ ತೂತಿನ ಮೂಲಕ ಉಸಿರಾಡುತ್ತದೆ. ಈ ಉಸಿರಿಗೊಂದು ತನ್ನದೇ ಕಂಪನವಿದೆ. ದೊಡ್ಡ ಮೈಯ ಡ್ರೆಡ್‌ನಾಟ್ ಗಿಟಾರಿನಲ್ಲಿ ಅದು 100 ಹರ್ಟ್ಜ್ ಆಸುಪಾಸು. ದಪ್ಪ ತಂತಿಯ ಮೂರನೇ ಮನೆ ಒತ್ತಿದರೆ ಬರುವ ಸ್ವರ 98. ಜಿ ಕಾರ್ಡ್ ಬಾರಿಸಿದಾಗಲೆಲ್ಲ ಗಿಟಾರು ‘ಧುಂ’ ಎನ್ನುವುದು ಅದಕ್ಕೇ, ಮತ್ತು ಸದ್ದು ಹೊರಡುವುದು ತೂತಿನಿಂದ ಎಂದು ನಂಬಿ ಮೈಕನ್ನು ಅದರ ಬಾಯಿಗೆ ಹಿಡಿದರೆ ರೆಕಾರ್ಡಿಂಗಿನಲ್ಲಿ ಆ ‘ಧುಂ’ ಒಂದೇ ಉಳಿಯುವುದೂ ಅದಕ್ಕೇ. ಬ್ರಿಜ್ ಹತ್ತಿರ ಮೊನಚು, ಹಲಗೆಯ ಅಗಲ ಭಾಗದಲ್ಲಿ ಮರದ ತುಂಬು, ಕುತ್ತಿಗೆಯ ಕಡೆ ಬೆರಳು ಜಾರುವ ಕಿರುಗುಟ್ಟು. ಇವೆಲ್ಲ ಬೆರೆತು ಒಂದೇ ವಾದ್ಯವಾಗಲು ಒಂದಿಷ್ಟು ದೂರ ಬೇಕು, ಕೋಣೆ ಆ ದೂರ ಕೊಡಲು ಬಿಡುವುದಿಲ್ಲ. ಕುತ್ತಿಗೆ ಮೈಯನ್ನು ಸೇರುವ ಆಸುಪಾಸಿನಲ್ಲಿ, ಹನ್ನೆರಡನೇ ಫ್ರೆಟ್ಟಿನ ಎದುರು, ಒಂದು ಗೇಣಿನಿಂದ ಒಂದಡಿ ದೂರದಲ್ಲಿ ಮೈಕು ಇಟ್ಟು ಮುಖವನ್ನು ತೂತಿನ ಕಡೆಗೆ ತುಸುವೇ ತಿರುಗಿಸುವ ವಾಡಿಕೆ ಈ ಎರಡರ ನಡುವಿನ ರಾಜಿ. ಯಾರಾದರೂ ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಾ ಮೈಕನ್ನು ಎರಡೆರಡು ಇಂಚು ಸರಿಸಿದರೆ ಆಗುವ ವ್ಯತ್ಯಾಸ ನೋಡಿ ಬೆರಗಾಗುತ್ತಾರೆ.

ನುಡಿಸುವ ಜಾಗವೂ ಒಂದು ಈಕ್ವಲೈಸರೇ. ತಂತಿಯ ಯಾವ ಬಿಂದುವಿನಲ್ಲಿ ಮೀಟುತ್ತೀರೋ ಅಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು, ಅಂದರೆ ಮೂಲ ಸ್ವರದ ಎರಡು ಪಟ್ಟು, ಮೂರು ಪಟ್ಟು ಕಂಪನಗಳು, ಹುಟ್ಟುವುದೇ ಇಲ್ಲ ಎಂದು ಬ್ರಿಟಿಷ್ ವಿಜ್ಞಾನಿ ತಾಮಸ್ ಯಂಗ್ ಹೇಳಿದ್ದರು. ಸರಿ ನಡುವೆ ಮೀಟಿದರೆ ಎರಡು, ನಾಲ್ಕು, ಆರನೆಯವು ಮಾಯವಾಗಿ ದನಿ ದುಂಡಗಾಗುತ್ತದೆ. ವೀಣೆ ಮತ್ತು ತಂಬೂರಿ ಈ ನಿಯಮಕ್ಕೆ ಬಗ್ಗುವುದಿಲ್ಲ, ಅವುಗಳ ಬಾಗಿದ ಕುದುರೆ (ಬ್ರಿಜ್) ಇಲ್ಲದ ಉಪಸ್ವರಗಳನ್ನೂ ಎಬ್ಬಿಸುತ್ತದೆ ಎಂದು 1921ರಲ್ಲಿ ತೋರಿಸಿದವರು ಸಿ.ವಿ. ರಾಮನ್. ಗಿಟಾರಿನ ಕುದುರೆ ಮೊನಚಾದದ್ದು, ಯಂಗ್ ಮಾತು ಕೇಳುತ್ತದೆ. ಆದ್ದರಿಂದ ರೆಕಾರ್ಡಿಂಗ್ ಮಂಕು ಅನ್ನಿಸಿದರೆ ಕಂಪ್ಯೂಟರಿನ ಗುಂಡಿ ತಿರುಗಿಸುವ ಮೊದಲು ಬಲಗೈಯನ್ನು ಬ್ರಿಜ್ ಕಡೆ ಎರಡಿಂಚು ಸರಿಸಿ ನೋಡುವುದು ಲೇಸು. ಹಳೆಯ ತಂತಿ ಬದಲಿಸುವುದು ಇನ್ನೂ ಲೇಸು.

ಹಾಡು, ಗಿಟಾರು ಎರಡನ್ನೂ ಒಟ್ಟಿಗೆ ಹಿಡಿಯಬೇಕೋ ಬೇರೆ ಬೇರೆಯೋ? ಬೇರೆ ಬೇರೆ ಹಿಡಿದರೆ ತಿದ್ದುವುದು ಸುಲಭ. ಆದರೆ ತಾನೇ ನುಡಿಸುತ್ತಾ ಹಾಡುವವರಲ್ಲಿ ಉಸಿರಿಗೂ ಬೆರಳಿಗೂ ಒಂದು ಒಪ್ಪಂದವಿರುತ್ತದೆ. ಸಾಲಿನ ಕೊನೆಯಲ್ಲಿ ದನಿ ತಡೆದರೆ ಬೆರಳೂ ತಡೆಯುತ್ತದೆ. ಮೊದಲು ಗಿಟಾರನ್ನು ಮೆಟ್ರೊನೋಮಿನ ಟಕಟಕಕ್ಕೆ ನುಡಿಸಿಟ್ಟು ಆಮೇಲೆ ಹಾಡಿದರೆ ಆ ಒಪ್ಪಂದ ಮುರಿಯುತ್ತದೆ. ಭಾವಗೀತೆಯ ಜಾಯಮಾನದ ಹಾಡಿಗಂತೂ ಒಟ್ಟಿಗೇ ಹಿಡಿಯುವುದು ಮೇಲು ಎಂಬುದು ನನ್ನ ಪಕ್ಷಪಾತ.

ಒಟ್ಟಿಗೆ ಹಿಡಿದರೆ ಬೇರೆ ತಾಪತ್ರಯ. ಬಾಯಿಯಿಂದ ಹಾಡಿನ ಮೈಕಿಗೆ 15 ಸೆಂಟಿಮೀಟರು, ಗಿಟಾರಿನ ಮೈಕಿಗೆ 49 ಎಂದಿಟ್ಟುಕೊಳ್ಳಿ. ಅಂತರ 34 ಸೆಂಟಿಮೀಟರು, ಅಂದರೆ ಒಂದು ಮಿಲಿಸೆಕೆಂಡು ತಡ. ಎರಡೂ ಟ್ರ್ಯಾಕನ್ನು ಕೂಡಿಸಿದಾಗ 500 ಹರ್ಟ್ಜ್‌ನ ಅಲೆ ತನ್ನದೇ ತದ್ವಿರುದ್ಧ ಪ್ರತಿಯನ್ನು ಎದುರುಗೊಂಡು ಕುಗ್ಗುತ್ತದೆ, 1500, 2500ರಲ್ಲೂ ಅದೇ ಕಥೆ. ನಡುವಿನ 1000, 2000 ಉಬ್ಬುತ್ತವೆ. ದನಿಗೆ ಕೊಳವೆಯೊಳಗಿನ ಬಣ್ಣ ಬರುತ್ತದೆ. ಎದುರಿಗೆ ಕೂತು ಕೇಳಿದ್ದರೆ ಮಿದುಳು ಇದನ್ನು ಸರಿಮಾಡಿಕೊಳ್ಳುತ್ತಿತ್ತು. ಒಂದೇ ಟ್ರ್ಯಾಕಿನಲ್ಲಿ ಬೆರೆಸಿಬಿಟ್ಟ ಮೇಲೆ ಬಿಡಿಸಲು ಅದಕ್ಕೂ ಬರುವುದಿಲ್ಲ. ಉಪಾಯ, ಪ್ರತಿ ಮೈಕಿನ ಕಿವುಡು ದಿಕ್ಕನ್ನು ಇನ್ನೊಂದರ ಕಡೆ ತಿರುಗಿಸುವುದು. ಎಂಟರ ಆಕಾರದಲ್ಲಿ ಕೇಳುವ ಮೈಕುಗಳು ಹಿಂದೆ ಮುಂದೆ ಚೆನ್ನಾಗಿ ಕೇಳುತ್ತವೆ, ಎರಡು ಪಕ್ಕೆಗಳಲ್ಲಿ ಪೂರ್ತಿ ಕಿವುಡು. ಹಾಡಿನ ಮೈಕಿನ ಪಕ್ಕೆ ಗಿಟಾರಿಗೆ, ಗಿಟಾರಿನ ಮೈಕಿನ ಪಕ್ಕೆ ಬಾಯಿಗೆ ಬರುವಂತೆ ಹೊಂದಿಸಿದರೆ ಒಂದು ಮೊಳದೊಳಗೆ ಎರಡು ಬೇರೆ ಲೋಕ. ಕಾರ್ಡಿಯಾಯ್ಡ್ ಮಾತ್ರ ಇದ್ದವರು ಹಾಡಿನ ಮೈಕನ್ನು ಗದ್ದಕ್ಕಿಂತ ಕೆಳಗಿಟ್ಟು ಮೇಲಕ್ಕೆ ಮುಖ ಮಾಡಿಸಬಹುದು, ಆಗ ಅದರ ಬೆನ್ನು ಗಿಟಾರಿನ ಕಡೆಗಿರುತ್ತದೆ. ಇರುವುದು ಒಂದೇ ಮೈಕಾದರೆ? ಚಿಂತೆಯಿಲ್ಲ. ಎದೆಯ ಎತ್ತರದಲ್ಲಿ ಒಂದು ಮೊಳ ದೂರ ಇಟ್ಟು, ದನಿ ಮುಳುಗಿದರೆ ಮೇಲಕ್ಕೆ, ಗಿಟಾರು ಮುಳುಗಿದರೆ ಕೆಳಕ್ಕೆ ಜರುಗಿಸಿ. ಮಿಕ್ಸಿಂಗ್ ಅಲ್ಲೇ ಮುಗಿಯಿತು.

ದನಿಯ ವಿಷಯದಲ್ಲಿ ಮೊದಲ ಆಘಾತ ಎಲ್ಲರಿಗೂ ಒಂದೇ: ‘ಇದು ನನ್ನ ದನಿಯೇ?’ ನಮ್ಮ ದನಿಯನ್ನು ನಾವು ಗಾಳಿಯ ಜೊತೆಗೆ ತಲೆಬುರುಡೆಯ ಮೂಲಕವೂ ಕೇಳುತ್ತೇವೆ, ಮೂಳೆ ತಗ್ಗು ಸ್ವರಗಳನ್ನು ಧಾರಾಳವಾಗಿ ಸಾಗಿಸುತ್ತದೆ. ರೆಕಾರ್ಡಿಂಗಿನಲ್ಲಿ ಆ ಪಾಲು ಇಲ್ಲ, ದನಿ ಬಡಕಲು ಅನ್ನಿಸುತ್ತದೆ. ಆಗ ಜನ ಮೈಕಿಗೆ ಮುತ್ತಿಡುವಷ್ಟು ಹತ್ತಿರ ಹೋಗುತ್ತಾರೆ, ದನಿ ಕೂಡಲೇ ದಪ್ಪವಾಗುತ್ತದೆ. ಅದು ಭ್ರಮೆಯಲ್ಲ. ದಿಕ್ಕು ನೋಡಿ ಕೇಳುವ ಮೈಕುಗಳು ತಮ್ಮ ಪೊರೆಯ ಎರಡೂ ಬದಿಯ ಒತ್ತಡದ ವ್ಯತ್ಯಾಸವನ್ನು ಅಳೆಯುತ್ತವೆ. ಬಾಯಿ ತೀರಾ ಹತ್ತಿರವಿದ್ದಾಗ ಮುಂದಿನ ಬದಿಯ ಒತ್ತಡ ಹಿಂದಿನದಕ್ಕಿಂತ ಬಹಳ ಹೆಚ್ಚು, ಇದರ ಲಾಭ ತಗ್ಗು ಸ್ವರಗಳಿಗೇ ಹೆಚ್ಚಾಗಿ ಸಿಗುತ್ತದೆ. ಆಕಾಶವಾಣಿಯ ನಡುರಾತ್ರಿಯ ದನಿಗಳ ಆಪ್ತತೆಯಲ್ಲಿ ಈ ಭೌತವಿಜ್ಞಾನದ ಪಾಲೂ ಇದ್ದೀತು. ಮಿತಿ ಮೀರಿದರೆ ಹಾಡಿನುದ್ದಕ್ಕೂ ತಲೆ ಅಲುಗಿದ ಹಾಗೆಲ್ಲ ದನಿಯ ಬಣ್ಣ ಬದಲಾಗುತ್ತದೆ. ಒಂದು ಗೇಣು ಕ್ಷೇಮ.

ಕನ್ನಡದಲ್ಲಿ ಹಾಡುವವರಿಗೆ ಇನ್ನೊಂದು ಎಚ್ಚರಿಕೆ. ಪ, ಬ ಅಕ್ಷರಗಳಲ್ಲಿ ತುಟಿ ಬಿಚ್ಚಿದಾಗ ಒಂದು ಗಾಳಿಯ ಮುದ್ದೆ ಹೊರಬೀಳುತ್ತದೆ, ಫ, ಭ ಮಹಾಪ್ರಾಣವಾದ್ದರಿಂದ ಮುದ್ದೆ ಇನ್ನೂ ದೊಡ್ಡದು. ಅದು ಸದ್ದಲ್ಲ, ಬರೀ ಗಾಳಿ, ನೇರ ಮುಂದಕ್ಕೆ ಹೋಗಿ ಪೊರೆಗೆ ಗುದ್ದುತ್ತದೆ. ಸದ್ದು ಎಲ್ಲ ಕಡೆ ಹರಡುತ್ತದೆ, ಗಾಳಿಮುದ್ದೆ ನೆಟ್ಟಗೆ ಹೋಗುತ್ತದೆ. ಆದ್ದರಿಂದ ಮೈಕನ್ನು ಬಾಯಿಯ ನೇರಕ್ಕಿಡದೆ ಕೆನ್ನೆಯ ಪಕ್ಕಕ್ಕೆ ಮೂರು ಬೆರಳಷ್ಟು ಸರಿಸಿದರೆ ‘ಭಾಗ್ಯ’ವೂ ‘ಭೂಮಿ’ಯೂ ಗುಡುಗುವುದು ನಿಲ್ಲುತ್ತದೆ. ಸ, ಶ, ಷಗಳ ಸೀಟಿಯೂ ಇದರಿಂದ ತುಸು ಇಳಿಯುತ್ತದೆ.

ಕಂಪ್ಯೂಟರ್ ಹೊಕ್ಕ ಮೇಲಿನ ವಿಷಯ ಚಿಕ್ಕದು. 24 ಬಿಟ್‌ನಲ್ಲಿ ಮುದ್ರಿಸಿ, ಒಂದೊಂದು ಬಿಟ್ಟಿಗೆ 6 ಡೆಸಿಬೆಲ್ ಲೆಕ್ಕದಲ್ಲಿ ಕಾಗದದ ಮೇಲೆ 144 ಡೆಸಿಬೆಲ್ ಅವಕಾಶ ಸಿಗುತ್ತದೆ. ಅದರಲ್ಲಿ ಮೇಲಿನ ಹತ್ತು ಹನ್ನೆರಡನ್ನು ಖಾಲಿ ಬಿಟ್ಟರೆ ಕಳೆದುಕೊಳ್ಳುವುದು ಏನೂ ಇಲ್ಲ. ಸೂಚಿ ಕೆಂಪು ಮುಟ್ಟಿದರೆ ಅಲೆಯ ತಲೆ ಕತ್ತರಿಸಿ ಹೋಗುತ್ತದೆ, ಅದನ್ನು ಮತ್ತೆ ಬೆಳೆಸಲಾಗದು. ಹೆಡ್‌ಫೋನಿನಲ್ಲಿ ನಿಮ್ಮ ದನಿ ತಡವಾಗಿ ಕೇಳಿ ಹಾಡು ತಪ್ಪಿದರೆ ಅದು ಸದ್ದನ್ನು ಕಂತು ಕಂತಾಗಿ ಕೂಡಿಟ್ಟು ಕಳಿಸುವ ಬಫರಿನ ಕೆಲಸ. ಸೆಕೆಂಡಿಗೆ 44,100 ಮಾದರಿಗಳ ಲೆಕ್ಕದಲ್ಲಿ 256 ಮಾದರಿಯ ಬಫರು ಎಂದರೆ 5.8 ಮಿಲಿಸೆಕೆಂಡು, ಎರಡು ಮೀಟರು ಆಚೆ ನಿಂತು ನಿಮ್ಮನ್ನು ನೀವೇ ಕೇಳಿದಷ್ಟು. ಒಳಬರಲು ಒಮ್ಮೆ, ಹೊರಹೋಗಲು ಒಮ್ಮೆ ಎಂದರೆ ಇಮ್ಮಡಿ. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಇಂಟರ್‌ಫೇಸಿನ ಮೇಲೆ, ದನಿಯನ್ನು ನೇರ ಹೆಡ್‌ಫೋನಿಗೆ ಕಳಿಸುವ ಡೈರೆಕ್ಟ್ ಮಾನಿಟರಿಂಗ್ ಗುಂಡಿ ಇರುವುದು ಇದಕ್ಕೇ.

ಮಿಕ್ಸಿಂಗಿನಲ್ಲಿ ಮಿದುಳಿನ ಎರಡನೇ ಚಾಕರಿ ನಮ್ಮ ಪಾಲಿಗೆ ಬರುತ್ತದೆ. ಗದ್ದಲದ ಮದುವೆ ಮನೆಯಲ್ಲೂ ಎದುರಿಗಿದ್ದವರ ಮಾತನ್ನು ಹೆಕ್ಕಿ ಕೇಳುತ್ತೇವಲ್ಲ, ಅದರಲ್ಲಿ ದಿಕ್ಕಿನ ಪಾಲು ದೊಡ್ಡದು. ಹಾಡು ಮತ್ತು ಗಿಟಾರು ಒಂದೇ ಸ್ಪೀಕರಿನಿಂದ ಬಂದರೆ ಆ ಆಸರೆ ಇಲ್ಲ, ಒಂದೇ ಕಂಪನವಲಯದಲ್ಲಿ ಎರಡೂ ಇದ್ದರೆ ಜೋರಿನದು ಇನ್ನೊಂದನ್ನು ಮುಚ್ಚುತ್ತದೆ. 200ರಿಂದ 300 ಹರ್ಟ್ಜ್ ನಡುವೆ ಗಿಟಾರಿನ ಮರದ ತುಂಬೂ ದನಿಯ ಬಿಸುಪೂ ಒಂದೇ ಜಾಗಕ್ಕೆ ಜಗಳಾಡುತ್ತವೆ. ದನಿ ಏರಿಸುವುದಕ್ಕಿಂತ ಗಿಟಾರನ್ನು ಅಲ್ಲಿ ಎರಡು ಮೂರು ಡೆಸಿಬೆಲ್ ತಗ್ಗಿಸಿದರೆ ಕೆಲಸವಾಗುತ್ತದೆ. ಗಿಟಾರನ್ನು ಒಂಟಿಯಾಗಿ ಕೇಳಿದರೆ ಸೊರಗಿದಂತೆ ಇರಬಹುದು, ಒಂಟಿಯಾಗಿ ಯಾರೂ ಕೇಳುವುದಿಲ್ಲವಲ್ಲ. ಹಾಡಿನ ಪದಗಳ ಸ್ಪಷ್ಟತೆ 2ರಿಂದ 4 ಸಾವಿರ ಹರ್ಟ್ಜ್‌ನಲ್ಲಿದೆ. ಎರಡೂವರೆ ಸೆಂಟಿಮೀಟರು ಉದ್ದದ ಕಿವಿಯ ಕೊಳವೆ ತಾನೇ ಸುಮಾರು 3400ರಲ್ಲಿ ಅನುನಾದಗೊಳ್ಳುವುದರಿಂದ ಅಲ್ಲಿ ನಾವು ಬಲು ಚುರುಕು. ಅಲ್ಲಿ ಒಂದು ಡೆಸಿಬೆಲ್ ಬಹಳವಾಗುತ್ತದೆ.

ಇದನ್ನೆಲ್ಲ ಜೋರಾಗಿ ಹಾಕಿಕೊಂಡು ಮಾಡಬಾರದು. ಬೆಲ್ ಪ್ರಯೋಗಾಲಯದ ಹಾರ್ವಿ ಫ್ಲೆಚರ್ ಮತ್ತು ವೈಲ್ಡನ್ ಮನ್ಸನ್ 1933ರಲ್ಲಿ ಪ್ರಕಟಿಸಿದ ರೇಖೆಗಳ ಪ್ರಕಾರ ಸದ್ದು ತಗ್ಗಿದಂತೆ ನಮ್ಮ ಕಿವಿ ದಪ್ಪ ಸ್ವರಗಳಿಗೆ ಮೊದಲು ಮಂದವಾಗುತ್ತದೆ. ಜೋರಿನಲ್ಲಿ ಎಲ್ಲವೂ ತುಂಬಿಕೊಂಡಂತೆ, ಚೆನ್ನಾಗಿರುವಂತೆ ಕೇಳುತ್ತದೆ, ಮರುದಿನ ಮೆಲ್ಲಗೆ ಕೇಳಿದರೆ ಬಾಸೇ ಇಲ್ಲ. ಮಾತಾಡುವಷ್ಟು ಜೋರಿನಲ್ಲಿ ಮಿಕ್ಸ್ ಮಾಡಿದರೆ ಈ ಮೋಸ ಕಡಿಮೆ.

ಕಂಪ್ರೆಸರ್ ಬಗ್ಗೆ ಪುಟಗಟ್ಟಲೆ ಬರೆಯಬಹುದು, ನನಗೆ ಅದರ ಮೇಲೆ ಅಷ್ಟು ಮೋಹವಿಲ್ಲ. ಜೋರನ್ನು ತಗ್ಗಿಸಿ, ಒಟ್ಟನ್ನು ಮೇಲೆತ್ತುವ ಸಾಧನ ಅದು. ಒಟ್ಟನ್ನು ಎತ್ತುವಾಗ ಮೆಲ್ಲಗಿದ್ದದ್ದೆಲ್ಲ ಜೊತೆಗೆ ಏಳುತ್ತದೆ: ಸಾಲುಗಳ ನಡುವಿನ ಉಸಿರು, ಆಫ್ ಮಾಡಲು ಮರೆತ ಫ್ಯಾನು, ಪಕ್ಕದ ಮನೆಯ ಕುಕ್ಕರು, ಮತ್ತು ಆ ಕೋಣೆ. ಹಾಸಿಗೆ ನಿಲ್ಲಿಸಲು ಸೋಮಾರಿತನ ಮಾಡಿದ್ದರೆ ಇಲ್ಲಿ ಬಯಲಾಗುತ್ತದೆ. ದನಿ ಬಿದ್ದ ಪದಗಳನ್ನಷ್ಟೇ ಫೇಡರಿನಿಂದ ಕೈಯಲ್ಲೇ ಎತ್ತುವುದು ನಿಧಾನದ ಕೆಲಸ, ಆದರೆ ಹಾಡಿನ ಏರಿಳಿತ ಉಳಿಯುತ್ತದೆ.

ಇಷ್ಟು ಕಷ್ಟಪಟ್ಟು ಕೋಣೆಯನ್ನು ಹೊರಗೆ ಹಾಕಿದ ಮೇಲೆ ಎಲ್ಲರೂ ಮಾಡುವ ಕೆಲಸವೆಂದರೆ ರೀವರ್ಬ್ ಹಾಕುವುದು, ಅಂದರೆ ಇನ್ನೊಂದು ಕೋಣೆಯನ್ನು ಒಳಗೆ ಕರೆಯುವುದು. ವಿರೋಧಾಭಾಸವೇನಿಲ್ಲ. ಹತ್ತಡಿಯ ಕೋಣೆಯ ನಡುವೆ ಕೂತರೆ ಗೋಡೆಗೆ ಹೋಗಿ ಬರಲು ಸದ್ದಿಗೆ 9 ಮಿಲಿಸೆಕೆಂಡು ಸಾಕು. ಅಷ್ಟು ಬೇಗ ಮರಳಿದ ಸದ್ದನ್ನು ಕಿವಿ ಬೇರೆಯಾಗಿ ಗುರುತಿಸದೆ ಮೂಲದೊಳಕ್ಕೇ ಬೆರೆಸುತ್ತದೆ, ಬಣ್ಣ ಕೆಡುತ್ತದೆಯೇ ಹೊರತು ವಿಸ್ತಾರ ಬರುವುದಿಲ್ಲ. ದೊಡ್ಡ ಹಾಲಿನಲ್ಲಿ ಮೊದಲ ಮಾರ್ದನಿ ಬರುವಷ್ಟರಲ್ಲಿ ಪದದ ಮೊದಲಕ್ಷರ ಮುಟ್ಟಿ ಆಗಿರುತ್ತದೆ. ರೀವರ್ಬಿನ ‘ಪ್ರೀ-ಡಿಲೇ’ ಗುಂಡಿಯನ್ನು 30 ಮಿಲಿಸೆಕೆಂಡಿಗೆ ತಿರುಗಿಸಿದರೆ ಐದು ಮೀಟರು ದೂರದ ಗೋಡೆಯನ್ನು ಕಟ್ಟಿದ ಹಾಗೆ, ಹಾಸ್ ಅಳೆದ ಗಡಿ ಅದೇ. 1947ರಲ್ಲಿ ಷಿಕಾಗೊದಲ್ಲಿ ಬಿಲ್ ಪಟ್ನಮ್ ಎಂಬ ಎಂಜಿನಿಯರು ಹಾರ್ಮೊನಿಕ್ಯಾಟ್ಸ್ ತಂಡದ ‘ಪೆಗ್ ಓ ಮೈ ಹಾರ್ಟ್’ ಧ್ವನಿಮುದ್ರಣಕ್ಕೆ ಮಾರ್ದನಿ ಬೆರೆಸಲು ಸ್ಟುಡಿಯೊದ ಬಚ್ಚಲುಮನೆಯಲ್ಲಿ ಒಂದು ಸ್ಪೀಕರು, ಒಂದು ಮೈಕು ಇಟ್ಟಿದ್ದರು. ಆ ತಟ್ಟೆ ಭರ್ಜರಿಯಾಗಿ ಮಾರಾಟವಾಯಿತು. ಬಚ್ಚಲನ್ನು ಎಷ್ಟು ಬೆರೆಸಬೇಕೆಂಬ ತೀರ್ಮಾನ ಅವರ ಬೆರಳ ತುದಿಯಲ್ಲಿತ್ತು, ನುಡಿಸುವವರು ಬಚ್ಚಲಲ್ಲೇ ನಿಂತಿದ್ದರೆ ಇರುತ್ತಿರಲಿಲ್ಲ.

ಕೊನೆಯ ಪರೀಕ್ಷೆ ಫೋನಿನಲ್ಲಿ, ಏಕೆಂದರೆ ಹೆಚ್ಚಿನವರು ಕೇಳುವುದು ಅದರಲ್ಲೇ. ಉಗುರಗಲದ ಆ ಸ್ಪೀಕರಿಗೆ 82 ಹರ್ಟ್ಜ್ ಹೊರಡಿಸುವ ಶಕ್ತಿ ಇಲ್ಲ. ಆದರೂ ಗಿಟಾರಿನ ದಪ್ಪ ತಂತಿ ಯಾವ ಸ್ವರ ನುಡಿಯಿತೆಂದು ತಿಳಿಯುತ್ತದೆ. ಆ ತಂತಿ 82ರ ಜೊತೆಗೆ 165, 247, 330, 412 ಹೀಗೆ ಅದರ ಪಟ್ಟುಗಳನ್ನೂ ಹೊರಡಿಸುತ್ತಿರುತ್ತದೆ. ಮೇಲಿನ ಕೆಲವು ಕಿವಿಗೆ ಬಿದ್ದರೆ ಸಾಕು, ಅವುಗಳ ನಡುವಿನ ಸಮ ಅಂತರ ನೋಡಿ ಬುಡದಲ್ಲಿ 82 ಇರಲೇಬೇಕೆಂದು ಮಿದುಳು ತಾನೇ ಸೇರಿಸಿಕೊಳ್ಳುತ್ತದೆ. ಇದ್ದ ಕೋಣೆಯನ್ನು ಅಳಿಸುವ ಮಿದುಳೇ ಇಲ್ಲದ ಸ್ವರವನ್ನು ತುಂಬಿಕೊಳ್ಳುತ್ತದೆ. ಹಾಗಾಗಿ ಫೋನಿನಲ್ಲಿ ಗಿಟಾರು ತೆಳುವಾಗಿ ಕೇಳಿತೆಂದು 80 ಹರ್ಟ್ಜ್ ಏರಿಸಿದರೆ ಫೋನಿನಲ್ಲಿ ಏನೂ ಬದಲಾಗುವುದಿಲ್ಲ, ಕಾರಿನಲ್ಲಿ ಹಾಕಿದಾಗ ಬಾಗಿಲು ಗಡಗಡ ಅನ್ನುತ್ತದೆ. ಏರಿಸಬೇಕಾದದ್ದು 300-400ರ ಸುತ್ತಲಿನ ಉಪಸ್ವರಗಳನ್ನು, ಅದೂ ದನಿಯ ಕಾಲು ತುಳಿಯದಷ್ಟು.